ಸುಟ್ಟ ಶಾಸನ, ಹೊಸ ಅಕ್ಷರ

ಈಗ ನಾವು ಅಸ್ಸಾಂ ಎನ್ನುವ ಕಾಮರೂಪವನ್ನು ಏಳನೆಯ ಶತಮಾನದಲ್ಲಿ ಆಳಿದ ಭಾಸ್ಕರವರ್ಮನ ಒಂದು ತಾಮ್ರಶಾಸನ 1912ರಲ್ಲಿ ಸಿಲ್ಹೆಟ್ ಸೀಮೆಯ ನಿಧಾನಪುರದಲ್ಲಿ ಸಿಕ್ಕಿತು. ಇನ್ನೂರಕ್ಕೂ ಹೆಚ್ಚು ಬ್ರಾಹ್ಮಣರಿಗೆ ಹಂಚಿದ ಅಗ್ರಹಾರ ಭೂಮಿಯ ದಾಖಲೆ ಅದು. ಮೊದಲು ಆ ದಾನ ಕೊಟ್ಟವನು ಭಾಸ್ಕರವರ್ಮನಲ್ಲ, ಅವನ ಮುತ್ತಜ್ಜನ ತಂದೆ ಭೂತಿವರ್ಮ. ಭೂತಿವರ್ಮ ಬರೆಸಿಕೊಟ್ಟ ಪಟ ಬೆಂಕಿಯಲ್ಲಿ ಹಾಳಾಗಿತ್ತು. ತೋರಿಸಲು ಪಟವಿಲ್ಲ ಎಂಬ ಕಾರಣಕ್ಕೆ ಕರಮುಕ್ತವಾಗಿದ್ದ ಭೂಮಿಯ ಮೇಲೆ ಕರ ಬಿದ್ದಿತ್ತು. ಭಾಸ್ಕರವರ್ಮ ಹಿರಿಯ ಗಣ್ಯರಿಗೆ ವಿಷಯ ತಿಳಿಸಿ, ಆ ಭೂಮಿಯನ್ನು ಅನುಭವಿಸುತ್ತ ಬಂದವರಿಗೇ ಹೊಸ ಪಟ ಮಾಡಿಸಿಕೊಟ್ಟ. ಇಲ್ಲಿಯವರೆಗೆ ಇದು ಆಡಳಿತದ ಮಾಮೂಲು ಸಂಗತಿ. ಶಾಸನದ ಕೊನೆಯಲ್ಲಿ ಮಾತ್ರ ಇನ್ನೊಂದು ಮಾತಿದೆ: ಹಳೆಯದು ಸುಟ್ಟ ಮೇಲೆ ಇದನ್ನು ಹೊಸದಾಗಿ ಬರೆಸಿದ್ದರಿಂದ ಅಕ್ಷರಗಳ ರೂಪ ಬೇರೆಯಾಗಿದೆ, ಹಾಗಾಗಿ ಇದನ್ನು ಕೃತಕವೆಂದು ತಿಳಿಯಬಾರದು. ಮುಂದೊಂದು ದಿನ ಯಾರಾದರೂ ಅಧಿಕಾರಿ ಈ ಪಟವನ್ನು ಕೈಗೆತ್ತಿಕೊಂಡು, ಭೂತಿವರ್ಮನ ಕಾಲದ ದಾನಕ್ಕೆ ಈ ಕಾಲದ ಲಿಪಿ ಹೇಗೆ ಬಂತು ಎಂದು ಕೇಳಬಹುದೆಂದು ಬರೆದವನಿಗೆ ಗೊತ್ತಿತ್ತು. ಹಳೆಯ ಲಿಪಿಯನ್ನು ಅನುಕರಿಸಿ ಬರೆದು ಆ ಪ್ರಶ್ನೆಯನ್ನು ಅವನು ತಪ್ಪಿಸಬಹುದಿತ್ತು. ಹಾಗೆ ಮಾಡದೆ, ಕಳೆದದ್ದನ್ನು ಕಳೆದದ್ದೆಂದೇ ಬರೆದ.

ಪ್ರವಾಹ, ಬೆಂಕಿ, ಭೂಕಂಪಗಳಲ್ಲಿ ಮನೆಯ ಕಾಗದಪತ್ರ ಕಳೆದುಕೊಂಡವರು ಅವನ್ನು ಮತ್ತೆ ಪಡೆಯುವ ಬಗೆ ಈ ಕಾಲದ ಕಚೇರಿಗಳು ಹುಟ್ಟಿಸಿದ ಸಮಸ್ಯೆಯೇನಲ್ಲ. ಬರವಣಿಗೆಯನ್ನು ಪ್ರಮಾಣವೆಂದು ಒಪ್ಪಿದ ಎಲ್ಲ ಸಮಾಜಗಳೂ ಇದನ್ನು ಎದುರಿಸಿವೆ. ಈ ಇತಿಹಾಸದಿಂದ ನನಗೆ ಕಾಣುವುದು ಇಷ್ಟು: ಕಳೆದ ದಾಖಲೆ ಯಾವತ್ತೂ ಮರಳಿ ಬರುವುದಿಲ್ಲ. ಬರುವುದು ಹೊಸ ದಾಖಲೆ, ಮತ್ತು ಅದರ ಬಲ ನಿಂತಿರುವುದು ಹಳೆಯದರ ಹೋಲಿಕೆಯ ಮೇಲಲ್ಲ, ಅದರ ಹಿಂದೆ ನಡೆದ ವಿಚಾರಣೆಯ ಮೇಲೆ. ಆ ವಿಚಾರಣೆ ಊರಿನ ನಡುವೆ, ನೆರೆಹೊರೆಯವರ ಬಾಯಿಂದ ನಡೆದ ಕಡೆ ಹಕ್ಕು ವಿಪತ್ತನ್ನು ದಾಟಿ ಉಳಿದಿದೆ. ಅದು ಸರ್ಕಾರದ ಒಂದು ಕಪಾಟಿನೊಳಗೆ ಮಾತ್ರ ನಡೆದ ಕಡೆ ಕಾಗದದ ಜೊತೆಗೆ ಹಕ್ಕೂ ಹೋಗಿದೆ.

ನಿಧಾನಪುರಕ್ಕಿಂತ ಹಿಂದಿನ ಸಾಕ್ಷ್ಯ ಛತ್ತೀಸ್‌ಗಢದ ಕುರುದ್‌ನಲ್ಲಿ ಸಿಕ್ಕ ತಾಮ್ರಪಟಗಳದು. ಇವು ಶರಭಪುರೀಯ ವಂಶದ ನರೇಂದ್ರನವು. ಹಿಂದೆ ಒಬ್ಬ ಬ್ರಾಹ್ಮಣನಿಗೆ ಕೊಟ್ಟ ಹಳ್ಳಿಯ ಶಾಸನ ತಾಳೆಗರಿಯ ಮೇಲಿತ್ತು. ಮನೆಗೆ ಬೆಂಕಿ ಬಿದ್ದಾಗ ಗರಿಯೂ ಹೋಯಿತು. ಅಧಿಕರಣದವರು, ಅಂದರೆ ಕಚೇರಿಯವರು, ವಿಚಾರಣೆ ಮಾಡಿ, ಹಳ್ಳಿ ಮೊದಲಿನಿಂದಲೂ ಎಡೆಬಿಡದೆ ಅವರ ಅನುಭವದಲ್ಲಿಯೇ ಇದೆ ಎಂದು ಖಚಿತಪಡಿಸಿಕೊಂಡರು. ಆಮೇಲೆ ನರೇಂದ್ರ ದಾನ ಪಡೆದವನ ಮಗನ ಹೆಸರಿಗೆ ತಾಮ್ರದ ಪಟ ಬರೆಸಿದ. ಗರಿಯ ಬದಲು ತಾಮ್ರ ಬಂದದ್ದು ಬೆಂಕಿ ಕಲಿಸಿದ ಪಾಠವಿರಬಹುದು. ಆದರೆ ನಿಧಾನಪುರದಲ್ಲಿ ತಾಮ್ರವೂ ಬೆಂಕಿಯನ್ನು ತಡೆಯಲಿಲ್ಲ. ಎರಡೂ ಕಡೆ ಮಾಡಿದ್ದು ಒಂದೇ ಕೆಲಸ: ಕಾಗದವನ್ನು ಹುಡುಕುವ ಬದಲು ಕಾಗದ ಹೇಳುತ್ತಿದ್ದ ಸ್ಥಿತಿ ನೆಲದ ಮೇಲೆ ಇದೆಯೇ ಎಂದು ನೋಡುವುದು.

ಈ ಪದ್ಧತಿಗೆ ಶಾಸ್ತ್ರದ ಸ್ಪಷ್ಟ ರೂಪ ಸಿಕ್ಕಿದ್ದು ನಮ್ಮ ನೆಲದಲ್ಲಿಯೇ. ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ, ಅಂದಿನ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯ (1076–1126) ಆಳುತ್ತಿದ್ದಾಗ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನ ಬರೆದ. ಹಿಂದೂ ಕೂಡುಕುಟುಂಬದ ಆಸ್ತಿ ಹಂಚಿಕೆಯ ಮೊಕದ್ದಮೆಗಳಿಂದಾಗಿ ಆ ಹೆಸರು ವಕೀಲರ ಬಾಯಲ್ಲಿ ಇಂದಿಗೂ ಇದೆ. ಆದರೆ ಅದರ ವ್ಯವಹಾರ ಭಾಗದಲ್ಲಿ ಪತ್ರ ಕಳೆದವರ ಪ್ರಶ್ನೆಗೂ ಉತ್ತರವಿದೆ ಎಂಬುದನ್ನು ನೆನೆಯುವವರು ಕಡಿಮೆ. ಪತ್ರ ದೂರದೇಶದಲ್ಲಿ ಸಿಕ್ಕಿಕೊಂಡಿದ್ದರೆ, ಅಕ್ಷರ ಕೆಟ್ಟಿದ್ದರೆ, ಅಳಿಸಿದ್ದರೆ, ಕಳವಾದರೆ, ಹರಿದರೆ, ಸುಟ್ಟರೆ ಇನ್ನೊಂದು ಪತ್ರ ಮಾಡಿಸಿಕೊಳ್ಳಬೇಕೆಂದು ಸ್ಮೃತಿ ಹೇಳುತ್ತದೆ. ಅಷ್ಟರಿಂದ ಕಚೇರಿ ನಡೆಯುವುದಿಲ್ಲ. ವಿಜ್ಞಾನೇಶ್ವರ ಅದನ್ನು ಬಿಡಿಸಿ ಹೇಳುತ್ತಾನೆ. ಸಾಲ ಕೊಟ್ಟವನೂ ಪಡೆದವನೂ ಒಪ್ಪಿದರೆ ಹೊಸ ಪತ್ರಕ್ಕೆ ಅಡ್ಡಿಯಿಲ್ಲ. ಒಪ್ಪದೆ ವ್ಯಾಜ್ಯವಾದರೆ, ಪತ್ರ ದೂರದಲ್ಲಿದ್ದರೆ, ಅದನ್ನು ತರಲು ಹಾದಿಯ ಉದ್ದ ನೋಡಿ ಕಾಲಾವಕಾಶ ಕೊಡಬೇಕು. ಪತ್ರ ನಾಶವೇ ಆಗಿದ್ದರೆ ಸಾಕ್ಷಿಗಳಿಂದ ತೀರ್ಮಾನಿಸಬೇಕು. ಸಾಕ್ಷಿಗಳೂ ಇಲ್ಲದಿದ್ದರೆ ಕೊನೆಗೆ ದಿವ್ಯಪರೀಕ್ಷೆ. ಈ ಕೊನೆಯ ಮೆಟ್ಟಿಲು ಇಂದು ಯಾರಿಗೂ ಬೇಡ. ಉಳಿದ ಮೆಟ್ಟಿಲುಗಳಲ್ಲಿ ಮಾತ್ರ ನಮ್ಮ ಕಾಲದ ಎಷ್ಟೋ ಸುತ್ತೋಲೆಗಳಲ್ಲಿ ಇಲ್ಲದ ವಿವೇಕವಿದೆ. ಕಳೆದದ್ದು, ಕೆಟ್ಟದ್ದು, ದೂರವಿದ್ದದ್ದು ಎಲ್ಲಕ್ಕೂ ಒಂದೇ ಅರ್ಜಿ ನಮೂನೆ ಎಂದು ಅದು ಹೇಳುವುದಿಲ್ಲ.

ವಿಜ್ಞಾನೇಶ್ವರನ ಲೆಕ್ಕದಲ್ಲಿ ಬರಹ, ಭುಕ್ತಿ, ಸಾಕ್ಷಿ ಈ ಮೂರೂ ಮನುಷ್ಯರಿಂದ ಬರುವ ಪ್ರಮಾಣಗಳು. ಒಂದು ಬಿದ್ದಾಗ ಉಳಿದವು ಹೊರೆ ಹೊರಬೇಕು. ಹಾಗೆಂದು ಅವನು ಭುಕ್ತಿಯನ್ನು, ಎಂದರೆ ಅನುಭವದಲ್ಲಿ ಇಟ್ಟುಕೊಂಡಿರುವುದನ್ನು, ಕಣ್ಣುಮುಚ್ಚಿ ನಂಬಿದವನಲ್ಲ. ಮಾಲೀಕ ನೋಡುತ್ತ ಸುಮ್ಮನಿದ್ದು ಇನ್ನೊಬ್ಬ ಇಪ್ಪತ್ತು ವರ್ಷ ಉತ್ತರೆ ಭೂಮಿ ಹೋಗುತ್ತದೆ ಎನ್ನುವಂತೆ ಓದಬಹುದಾದ ಸ್ಮೃತಿವಾಕ್ಯಕ್ಕೆ ಅವನು ಕೊಟ್ಟ ಅರ್ಥ ಬೇರೆ. ಹೋಗುವುದು ಆ ವರ್ಷಗಳ ಫಲ, ಒಡೆತನವಲ್ಲ. ಮನುಷ್ಯನ ನೆನಪು ತಲುಪುವ ಕಾಲದೊಳಗಿನ ಅನುಭವಕ್ಕೆ ಅದು ಹೇಗೆ ಬಂತೆಂಬ ಮೂಲವನ್ನೂ ತೋರಿಸಬೇಕು. ನೂರು ವರ್ಷ ಮೀರಿ, ತಲೆಮಾರುಗಳಿಂದ ಬಂದ ಅನುಭವಕ್ಕೆ ಮಾತ್ರ ಮೂಲವಿತ್ತೆಂದೇ ಊಹಿಸಬೇಕು. ನೆನಪು ಇನ್ನೂ ಬದುಕಿರುವವರೆಗೆ ನೆನಪಿನವರನ್ನು ಕೇಳು, ಅದು ಸತ್ತ ಮೇಲೆ ದೀರ್ಘಕಾಲವನ್ನು ನಂಬು ಎಂಬ ಈ ಗೆರೆ ಬೆಂಕಿ ಬಿದ್ದ ಮನೆಯವನಿಗೂ ಭೂಮಿ ಕಬಳಿಸಿದವನಿಗೂ ಒಂದೇ ನ್ಯಾಯ ಆಗದಂತೆ ನೋಡಿಕೊಳ್ಳುತ್ತದೆ.

ಹೀಗೆಂದ ಕೂಡಲೆ ಏಳುವ ಆಕ್ಷೇಪ ಮೋಸದ್ದು. ಸುಟ್ಟುಹೋಯಿತು ಎನ್ನುವುದು ಸುಲಭ. ಹಿಂದಿನವರಿಗೂ ಇದು ಗೊತ್ತಿತ್ತು. ನಮ್ಮ ಇಮ್ಮಡಿ ಪುಲಕೇಶಿಯ ಎದುರು ಸೋತ ಹರ್ಷವರ್ಧನನೇ 631ರ ಮಧುಬನ್ ತಾಮ್ರಶಾಸನದಲ್ಲಿ, ಒಬ್ಬ ಬ್ರಾಹ್ಮಣ ಕೂಟಶಾಸನದ, ಎಂದರೆ ಖೊಟ್ಟಿ ಶಾಸನದ, ಬಲದಿಂದ ಸೋಮಕುಂಡಕಾ ಎಂಬ ಹಳ್ಳಿಯನ್ನು ಅನುಭವಿಸುತ್ತಿದ್ದುದನ್ನು ಕಂಡು, ಆ ಪಟವನ್ನು ಒಡೆಸಿ ಹಳ್ಳಿಯನ್ನು ಬೇರೆಯವರಿಗೆ ಕೊಟ್ಟದ್ದನ್ನು ಹೇಳಿಸಿದ್ದಾನೆ. ಇಲ್ಲಿ ಗಮನಿಸಬೇಕಾದದ್ದು, ಆ ಮನುಷ್ಯನ ಕೈಯಲ್ಲಿ ಪತ್ರವಿತ್ತು. ಅನುಭವವೂ ಇತ್ತು. ವಿಚಾರಣೆಯಲ್ಲಿ ಎರಡೂ ಬಿದ್ದುಹೋದವು. ಮೋಸ ಮಾಡುವವನು ಪತ್ರವಿಲ್ಲ ಎಂದು ಗೋಳಾಡುವುದಕ್ಕಿಂತ ಪತ್ರವೊಂದನ್ನು ಸೃಷ್ಟಿಸಿಕೊಂಡು ಬರುವುದೇ ಹೆಚ್ಚು. ಮೋಸದ ಭಯವಿದ್ದರೆ ಪತ್ರವನ್ನೇ ಕೇಳಬೇಕು ಎಂಬ ತರ್ಕ ಆದ್ದರಿಂದ ನಿಲ್ಲುವುದಿಲ್ಲ.

ಪ್ರಾಮಾಣಿಕ ನಕಲಿಗೂ ಕೂಟಕ್ಕೂ ನಡುವಿನ ಗೆರೆ ಎಷ್ಟು ತೆಳುವೆಂದು ನೋಡಲು ಗದಗ ಜಿಲ್ಲೆಯ ನರಗುಂದ ತಾಲ್ಲೂಕಿನ ಕೊಣ್ಣೂರಿಗೆ ಹೋಗಬೇಕು. ಅಲ್ಲಿಯ ಶಿಲಾಶಾಸನ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನು ಶಕ 782ರಲ್ಲಿ, ಎಂದರೆ ಕ್ರಿ.ಶ. 860ರಲ್ಲಿ, ತನ್ನ ಸಾಮಂತ ಬಂಕೇಯನ ಕೋರಿಕೆಯಂತೆ ಕೊಳನೂರಿನ, ಎಂದರೆ ಈ ಕೊಣ್ಣೂರಿನ, ಜಿನಾಲಯಕ್ಕೆ ಕೊಟ್ಟ ದಾನವನ್ನು ಹೇಳುತ್ತದೆ. ಲಿಪಿ ಮಾತ್ರ ಸುಮಾರು ಹನ್ನೆರಡನೆಯ ಶತಮಾನದ್ದು. ಶಾಸನದ ಎರಡನೆಯ ಭಾಗವೇ ಕಾರಣ ಕೊಡುತ್ತದೆ: ಊರಿನ ಮಹಾಪ್ರಭುವೂ ಇತರರೂ ಕೇಳಿಕೊಂಡದ್ದರಿಂದ ವೀರನಂದಿ ಮುನಿ ತಾಮ್ರಪಟವನ್ನು ನೋಡಿ ಅದನ್ನು ಕಲ್ಲಿನ ಮೇಲೆ ಬರೆಸಿದ. ಇದನ್ನು ಸಂಪಾದಿಸಿದ ಕೀಲ್‌ಹಾರ್ನ್ ಇದನ್ನು ಕೂಟವೆಂದು ಪಟ್ಟಿಗೆ ಸೇರಿಸಿದರು. ಇನ್ನೊಬ್ಬ ಶಾಸನತಜ್ಞ ಫ್ಲೀಟ್ ಅವರಂತೂ ಗಂಗರ ಹಲವು ತಾಮ್ರಪಟಗಳನ್ನು ಸಾರಾಸಗಟಾಗಿ ತಳ್ಳಿಹಾಕಿದರು, ಅವರ ಸಮಕಾಲೀನ ಶಾಸನತಜ್ಞ ರೈಸ್ ಅವುಗಳ ಪರ ವಾದಿಸಿದರು. ಮಡಿಕೇರಿಯ ಖಜಾನೆಯಲ್ಲಿ ಸಿಕ್ಕ, ಬದನೆಗುಪ್ಪೆಯ ದಾನವನ್ನು ಹೇಳುವ ಮರ್ಕರಾ ಪಟಗಳ ಮೇಲಿನ ಜಗಳವೂ ಇದೇ ಬಗೆಯದು. ಗಂಗರ ಅವಿನೀತನ ಕಾಲದವೆಂದು ಹೇಳಿಕೊಳ್ಳುವ ಆ ಪಟಗಳಲ್ಲಿ ರಾಷ್ಟ್ರಕೂಟರ ಬಿರುದಾದ ಅಕಾಲವರ್ಷ ಎಂಬ ಹೆಸರು ಬರುತ್ತದೆ. ಇಂಥ ಶಾಸನಗಳಲ್ಲಿ ಕೆಲವು ಶುದ್ಧ ಸೃಷ್ಟಿಗಳಿರಬಹುದು, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಮೂಲದಂತೆ ಕಾಣದ್ದೆಲ್ಲ ಕೂಟ ಎಂಬ ನಿಲುವು, ನಿಧಾನಪುರದ ಲಿಪಿಕಾರ ಯಾವ ಅಧಿಕಾರಿಯನ್ನು ಮುಂಗಂಡು ಹೆದರಿದ್ದನೋ ಅದೇ ಅಧಿಕಾರಿಯ ನಿಲುವು. ಕೊಣ್ಣೂರಿನ ಕಲ್ಲು ಅಮೋಘವರ್ಷನ ಮೂಲ ತಾನೆಂದು ಎಲ್ಲಿಯೂ ನಟಿಸುವುದಿಲ್ಲ. ಯಾರು ಕೇಳಿದರು, ಯಾರು ನೋಡಿದರು, ಯಾವುದರಿಂದ ಬರೆಸಿದರು ಎಂಬುದನ್ನೆಲ್ಲ ತನ್ನ ಮೈಮೇಲೆಯೇ ಹೊತ್ತಿದೆ. ಅದರ ಮಾತನ್ನು ಪರೀಕ್ಷಿಸಬೇಕು, ಸರಿ. ಪರೀಕ್ಷೆಗೆ ಬೇಕಾದ ಎಳೆಯನ್ನು ಕೊಡುವುದೇ ಅದು.

ಅದೇ ನರಗುಂದದ ಸುತ್ತ ಏಳುನೂರು ವರ್ಷಗಳ ನಂತರ ವಿಚಾರಣೆಯ ದಿಕ್ಕೇ ಬದಲಾಯಿತು. ಪೇಶ್ವೆಗಳ ಪತನದ ಮೇಲೆ ಧಾರವಾಡ, ಬೆಳಗಾವಿ ಸೀಮೆಗಳಲ್ಲಿ ಕಂಪನಿ ಸರ್ಕಾರದ ಕಣ್ಣು ಕುಕ್ಕಿದ್ದು ಕಂದಾಯ ಕೊಡದ ಇನಾಂ ಭೂಮಿಗಳು. 1843ರಲ್ಲಿ ದಕ್ಷಿಣ ಮರಾಠಾ ಪ್ರಾಂತದಲ್ಲಿ ಶುರುವಾದ ತನಿಖೆಗೆ 1852ರ 11ನೆಯ ಕಾಯ್ದೆ ಕಾನೂನಿನ ಬಲ ಕೊಟ್ಟಿತು. ಅದೇ ಇನಾಂ ಕಮಿಷನ್. ಕಾಯ್ದೆಯನ್ನು ಓದಿದರೆ ಅದು ಅನುಭವವನ್ನು ಪೂರ್ತಿ ತಳ್ಳಿಹಾಕಿಲ್ಲ: ಬ್ರಿಟಿಷ್ ಆಡಳಿತ ಬರುವ ಮುಂಚೆ 60 ವರ್ಷ ಎಡೆಬಿಡದೆ ಇದ್ದು, ಮೊದಲು ಇನಾಂ ಪಡೆದವನ ಮೊಮ್ಮಗನ ಅಧಿಕೃತ ಅನುಭವಕ್ಕೆ ಬಂದಿದ್ದರೆ ಗಂಡುಸಂತತಿ ಇರುವವರೆಗೆ ಇನಾಂ ಮುಂದುವರಿಯುತ್ತಿತ್ತು. ಕೇಳಲು ಇದು ಮಿತಾಕ್ಷರೆಯ ಮಾತಿನಂತೆಯೇ ಇದೆ. ವ್ಯತ್ಯಾಸವಿದ್ದದ್ದು ಅಧಿಕೃತ ಎಂಬ ವಿಶೇಷಣದಲ್ಲಿ. ಅನುಭವ ಅಧಿಕೃತವೋ ಅಲ್ಲವೋ ಎಂಬುದನ್ನು ಊರ ಹಿರಿಯರ ಬಾಯಿಂದ ಕೇಳಿ ನಿರ್ಧರಿಸುವ ಬದಲು ಪುಣೆಯ ಪೇಶ್ವೆ ದಫ್ತರದ ಲೆಕ್ಕಗಳಿಗೂ ಕುಲಕರ್ಣಿ, ದೇಶಪಾಂಡೆಗಳಿಂದ ವಶಪಡಿಸಿಕೊಂಡ ಕಡತಗಳಿಗೂ ತಾಳೆಹಾಕಲಾಯಿತು. ಅರ್ಧ ಶತಮಾನದ ದಂಡು, ದರೋಡೆ, ಬರಗಳಲ್ಲಿ ಸನದು ಕಳೆದುಕೊಂಡ ಮನೆಯವನಿಗೆ ತನ್ನ ಪರವಾದ ನಮೂದು ದೂರದ ದಫ್ತರದಲ್ಲಿ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ತನಿಖೆ ಮಾಡುವವನೂ, ದಾಖಲೆ ಇಟ್ಟುಕೊಂಡವನೂ, ಹಕ್ಕು ಬಿದ್ದರೆ ಕಂದಾಯ ಪಡೆಯುವವನೂ ಒಬ್ಬನೇ. ಕುರುದ್‌ನ ಅಧಿಕರಣವೂ ರಾಜನದೇ ತಾನೆ ಎನ್ನಬಹುದು, ನಿಜ. ಆದರೆ ಅದು ಕೇಳಿದ ಪ್ರಶ್ನೆಗೆ ಉತ್ತರವಿದ್ದದ್ದು ಹಳ್ಳಿಯಲ್ಲಿ, ಅರಮನೆಯಲ್ಲಲ್ಲ.

1858ರ ನರಗುಂದದ ಬಂಡಾಯವನ್ನು ಈ ಕಾಗದದ ಜಗಳಕ್ಕಷ್ಟೇ ಕಟ್ಟುವುದು ಅತಿಯಾದೀತು. ಅಲ್ಲಿಯ ಸಂಸ್ಥಾನಿಕ ಭಾಸ್ಕರರಾವ್ ಭಾವೆ ಉರುಫ್ ಬಾಬಾಸಾಹೇಬನ ಹತ್ತಿರದ ಸಿಟ್ಟು ದತ್ತು ಸ್ವೀಕಾರಕ್ಕೆ ಒಪ್ಪಿಗೆ ಸಿಗದಿದ್ದುದರ ಮೇಲೆ. ಆದರೂ ಮೇ ಕೊನೆಯ ರಾತ್ರಿಗಳಲ್ಲೊಂದರಲ್ಲಿ ಸುರಿಬಾನದಲ್ಲಿ ಕೊಲೆಯಾದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹಿಂದೆ ಇನಾಂ ಕಮಿಷನ್‌ನಲ್ಲಿ ದುಡಿದಿದ್ದವನೆಂಬುದನ್ನು ಆ ಕಾಲದ ಇತಿಹಾಸಕಾರರು ಬರೆಯದೆ ಬಿಡಲಿಲ್ಲ. ಸರ್ಕಾರಕ್ಕೂ ಬುದ್ಧಿ ಬಂದಂತಿತ್ತು. 1863ರ ಮುಂಬಯಿ ಕಾಯ್ದೆಯ ಪ್ರಕಾರ ಇನಾಂದಾರ ಪೂರ್ತಿ ಕಂದಾಯದ ಕಾಲು ಭಾಗದಷ್ಟು ಕೊಡಲು ಒಪ್ಪಿದರೆ ಹಕ್ಕಿನ ಪುರಾವೆ ಕೇಳದೆಯೇ ಭೂಮಿಯನ್ನು ಖಾಯಂ ಮಾಡಿಕೊಡಲಾಯಿತು. ಪತ್ರಕ್ಕಾಗಿ ಇಪ್ಪತ್ತು ವರ್ಷ ಜನರನ್ನು ಕಾಡಿದ ಮೇಲೆ ಪತ್ರವಿಲ್ಲದೆಯೂ ಆಗುತ್ತದೆ ಎಂದಂತಾಯಿತು, ಬೆಲೆ ಕೊಟ್ಟರೆ.

ಕಪಾಟೇ ಸುಟ್ಟುಹೋದರೆ ಸರ್ಕಾರ ಏನು ಮಾಡುತ್ತದೆ ಎಂಬುದಕ್ಕೆ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಉತ್ತರವಿದೆ. 1906ರ ಏಪ್ರಿಲ್ 18ರ ಭೂಕಂಪದ ಹಿಂದೆಯೇ ಹೊತ್ತಿದ ಬೆಂಕಿ ನಗರದ ದಾಖಲೆಗಳ ಕಟ್ಟಡವನ್ನೂ ನುಂಗಿತು. ಯಾವ ನಿವೇಶನ ಯಾರದೆಂದು ಹೇಳುವ ಪುಸ್ತಕಗಳೇ ಇಲ್ಲದಾದವು. ಅಲ್ಲಿಯ ಶಾಸನಸಭೆ ಎರಡು ತಿಂಗಳೊಳಗೆ ವಿಶೇಷ ಅಧಿವೇಶನ ಸೇರಿ ಒಂದು ಕಾನೂನು ಮಾಡಿತು. ಕರಡು ಬರೆದ ವಕೀಲನ ಹೆಸರಿನಲ್ಲಿ ಅದು ಮೆಕ್‌ಎನರ್ನಿ ಕಾಯ್ದೆ ಎಂದೇ ಪ್ರಸಿದ್ಧ. ಭೂಮಿಯನ್ನು ನಿಜವಾಗಿ, ಶಾಂತಿಯಿಂದ ಅನುಭವಿಸುತ್ತಿರುವವನು ಇಡೀ ಜಗತ್ತನ್ನೇ ಪ್ರತಿವಾದಿಯಾಗಿ ಮಾಡಿ ದಾವೆ ಹೂಡಬಹುದಿತ್ತು. ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ನಿವೇಶನದ ಮೇಲೆಯೇ ನೋಟಿಸು ಅಂಟಿಸಬೇಕು, ಆಕ್ಷೇಪವಿದ್ದವರು ಬರಬೇಕು, ಕೊನೆಗೆ ನ್ಯಾಯಾಲಯ ಹೊಸ ಹಕ್ಕುಪತ್ರ ಕೊಡುತ್ತದೆ. 1911ರಲ್ಲಿ ಆ ದೇಶದ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ನಮ್ಮ ಕನ್ನಡ ಪತ್ರಿಕೆಗಳ ಒಳಪುಟದಲ್ಲಿ ದಿನವೂ ಬರುವ, ಖರೀದಿ ಪತ್ರ ಕಳೆದಿದೆ, ತಕರಾರಿದ್ದವರು ಇಂತಿಷ್ಟು ದಿನದೊಳಗೆ ತಿಳಿಸಿರಿ ಎಂಬ ಪ್ರಕಟಣೆಯೂ ಇದೇ ಜಾತಿಯದು. ಅಕ್ಕಪಕ್ಕದವರು ಓದದ ಪತ್ರಿಕೆಯಲ್ಲಿ ಅದನ್ನು ಅಚ್ಚು ಹಾಕಿಸುವ ಜಾಣತನವನ್ನು ಮಾತ್ರ ನಾವು ಕಲಿತಿದ್ದೇವೆ.

ಅದೇ ಬೆಂಕಿ ಮೋಸದ ಆಕ್ಷೇಪಕ್ಕೂ ದೊಡ್ಡ ಉದಾಹರಣೆ ಕೊಟ್ಟಿತು. 1882ರಿಂದ ಚೀನೀ ಕಾರ್ಮಿಕರು ಅಮೆರಿಕಕ್ಕೆ ಬರುವುದನ್ನು ಕಾನೂನು ತಡೆದಿತ್ತು. ಆದರೆ ಅಲ್ಲಿಯೇ ಹುಟ್ಟಿದವನು ಅಲ್ಲಿಯ ನಾಗರಿಕನೆಂದು 1898ರ ವಾಂಗ್ ಕಿಮ್ ಆರ್ಕ್ ತೀರ್ಪು ಹೇಳಿತ್ತು. ಜನನ ದಾಖಲೆಗಳು ಸುಟ್ಟ ಮೇಲೆ ಬಹಳಷ್ಟು ಚೀನೀಯರು ತಾವು ಸ್ಯಾನ್ ಫ್ರಾನ್ಸಿಸ್ಕೊದಲ್ಲೇ ಹುಟ್ಟಿದವರೆಂದರು. ಆಮೇಲೆ ಚೀನಾದಲ್ಲಿ ತಮಗೆ ಮಕ್ಕಳಿದ್ದಾರೆಂದು ನಮೂದಿಸಿ, ಆ ಜಾಗಗಳಲ್ಲಿ ಇತರರನ್ನು ಕರೆಸಿಕೊಂಡರು. ಕಾಗದದ ಮಕ್ಕಳೆಂದು ಹಾಗೆ ಬಂದವರಿಗೆ ಹೆಸರು ಬಿತ್ತು. ಇದನ್ನು ಬಯಲಿಗೆಳೆಯಲು 1910ರಲ್ಲಿ ತೆರೆದ ಏಂಜಲ್ ದ್ವೀಪದ ಠಾಣೆಯ ಅಧಿಕಾರಿಗಳು ಹಿಡಿದ ದಾರಿ ಯಾವುದು? ನಿನ್ನ ಊರಿನಲ್ಲಿ ಎಷ್ಟು ಸಾಲು ಮನೆ, ಬಾವಿ ಎಲ್ಲಿ, ಮನೆಗೆ ಮೆಟ್ಟಿಲೆಷ್ಟು, ಪಕ್ಕದ ಮನೆಯವರು ಯಾರು ಎಂದು ತಂದೆಯನ್ನೂ ಮಗನನ್ನೂ ಬೇರೆಬೇರೆ ಕೂರಿಸಿ ಕೇಳಿದರು. ಕ್ರೌರ್ಯದಿಂದ ನಡೆದ ವಿಚಾರಣೆ ಅದು, ಒಂದು ಜನಾಂಗವನ್ನು ಹೊರಗಿಡಲೆಂದೇ ನಡೆದದ್ದು. ಹಾಗಿದ್ದೂ, ಕಾಗದ ಇಲ್ಲದಾಗ ಅತಿ ಸಂಶಯದ ಸರ್ಕಾರವೂ ಕೊನೆಗೆ ನೆರೆಹೊರೆಯ ನೆನಪಿನ ಬಾಗಿಲಿಗೇ ಬಂದು ನಿಂತಿತು. ಮೋಸವನ್ನು ಹುಟ್ಟಿಸಿದ್ದಾದರೂ ಬೆಂಕಿಗಿಂತ ಹೆಚ್ಚಾಗಿ ಆ ಕಾನೂನು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ನೆರೆಹೊರೆ ಎಂದರೆ ಯಾರು? ಹಳ್ಳಿಯಲ್ಲಿ ಮಾತಿಗೆ ತೂಕವಿರುವವರು ಯಾವಾಗಲೂ ಕೆಲವರೇ. ಮೇಲೆ ಹೇಳಿದ ತಾಮ್ರಪಟಗಳೆಲ್ಲ ಬ್ರಾಹ್ಮಣರಿಗೆ, ಮಠಮಂದಿರಗಳಿಗೆ ಕೊಟ್ಟವು; ಆ ಭೂಮಿಯನ್ನು ಉತ್ತವನ ಹೆಸರು ಸುಡಲಿಕ್ಕೂ ಎಲ್ಲಿಯೂ ಬರೆದಿರಲಿಲ್ಲ. ಸಾಕ್ಷಿಯಾಗಲು ಯಾರು ತಕ್ಕವರೆಂಬ ಸ್ಮೃತಿಗಳ ನಿಯಮಗಳು ಜಾತಿ, ಲಿಂಗಗಳ ಲೆಕ್ಕ ಹಾಕಿದವು. ಊರ ಗೌಡನ ಎದುರು ನಿಂತು ದಲಿತ ಕುಟುಂಬದ ಪರ ಸಾಕ್ಷಿ ಹೇಳುವವರು ಎಷ್ಟು ಮಂದಿ? ಕಪಾಟಿನ ಕಾಗದ ಯಾರ ಮುಖವನ್ನೂ ನೋಡುವುದಿಲ್ಲ ಎಂಬುದೇ ಬಡವನ ಆಸರೆ ಎಂಬ ವಾದದಲ್ಲಿ ಸತ್ಯವಿದೆ. ದೇವರಾಜ ಅರಸು ಕಾಲದ ಭೂಸುಧಾರಣೆಯ ಗೇಣಿದಾರನಿಗೆ ಪಹಣಿಯಲ್ಲಿ ತನ್ನ ಹೆಸರು ಇದ್ದದ್ದೂ ಇಲ್ಲದಿದ್ದದ್ದೂ ಭೂಮಿಯಷ್ಟೇ ಬೆಲೆಬಾಳಿತು. ಆದರೆ ಈ ಮಾತು ಕಾಗದವನ್ನು ಮೊದಲ ಸಲ ಬರೆಯುವುದಕ್ಕೆ ಅನ್ವಯಿಸುತ್ತದೆ, ಕಳೆದ ಮೇಲೆ ಮತ್ತೆ ಬರೆಯುವುದಕ್ಕಲ್ಲ. ನೆರೆ ಬಂದು ಎಲ್ಲರ ಕಾಗದ ಹೋದಾಗ, ಪತ್ರವಿಲ್ಲದೆ ಆಗದು ಎಂದರೆ ಬೇಗ ಎದ್ದು ನಿಲ್ಲುವವನು ವಕೀಲನೂ ಬ್ಯಾಂಕಿನ ನಕಲೂ ಪಟ್ಟಣದ ನೆಂಟನೂ ಇರುವವನೇ. ಸಾಕ್ಷಿಯ ವಲಯವನ್ನು ಹಿಗ್ಗಿಸುವುದು, ಎಲ್ಲ ಕೇರಿಯವರನ್ನೂ ಹೆಂಗಸರನ್ನೂ ಕೇಳುವುದು ಆ ಅನ್ಯಾಯಕ್ಕೆ ಮದ್ದು. ವಿಚಾರಣೆಯನ್ನೇ ಕೈಬಿಡುವುದಲ್ಲ.

ಈಗ ಎಲ್ಲ ಕಂಪ್ಯೂಟರಿನಲ್ಲಿದೆ, ಕಳೆಯುವ ಪ್ರಶ್ನೆಯೇ ಇಲ್ಲ ಎನ್ನುವವರೂ ಇದ್ದಾರೆ. ಭೂಮಿ ಯೋಜನೆಯಲ್ಲಿ ಪಹಣಿಗಳು ಗ್ರಾಮಲೆಕ್ಕಿಗನ ಚೀಲದಿಂದ ಕಂಪ್ಯೂಟರಿಗೆ ಹೋದದ್ದು ದೊಡ್ಡ ಅನುಕೂಲವೇ. ನೋಂದಣಿ ಕಚೇರಿಯಿಂದ ಖರೀದಿ ಪತ್ರದ ದೃಢೀಕೃತ ನಕಲು ಸಿಗುವುದೂ ಹಾಗೆಯೇ. ಅಲ್ಲಿ ನಮೂದಾದದ್ದಕ್ಕೆ ಅದು ಸಾಕು. ನಮೂದಾಗದ್ದು, ತಪ್ಪಾಗಿ ನಮೂದಾದದ್ದು, ಅಜ್ಜನ ಹೆಸರಿನಲ್ಲೇ ಉಳಿದು ಮೊಮ್ಮಕ್ಕಳು ಉಳುತ್ತಿರುವುದು ಇವಕ್ಕೆಲ್ಲ ಕಂಪ್ಯೂಟರಿನಲ್ಲಿ ಉತ್ತರವಿಲ್ಲ. ಆಧಾರ್‌ನಂಥ ಆಧಾರ್ ಕೂಡ ಕಾಗದವೇ ಇಲ್ಲದವರಿಗಾಗಿ ಪರಿಚಯಿಸುವವನೊಬ್ಬನಿಗೆ ತನ್ನ ನಿಯಮಗಳಲ್ಲಿ ಜಾಗ ಕೊಡಬೇಕಾಯಿತು. 1872ರ ಸಾಕ್ಷ್ಯ ಕಾಯ್ದೆ, ಈಗ ಅದರ ಜಾಗಕ್ಕೆ ಬಂದ 2023ರ ಸಾಕ್ಷ್ಯ ಅಧಿನಿಯಮ ಎರಡೂ, ಮೂಲಪತ್ರ ನಾಶವಾಗಿದ್ದರೆ ಅದನ್ನು ಕಣ್ಣಾರೆ ಕಂಡವನ ಬಾಯಿಮಾತನ್ನು ಒಪ್ಪುತ್ತವೆ. ಅರಣ್ಯಹಕ್ಕು ಕಾಯ್ದೆಯ ನಿಯಮಗಳೂ ಹಿರಿಯರ ಹೇಳಿಕೆಯನ್ನು ಬರೆದುಕೊಂಡು ಸಾಕ್ಷ್ಯವಾಗಿ ತೆಗೆದುಕೊಳ್ಳಲು ಹೇಳುತ್ತವೆ; ಇಂಥದ್ದೇ ಕಾಗದ ಬೇಕೆಂದು ಹಟ ಹಿಡಿಯಬಾರದೆಂದು 2012ರಲ್ಲಿ ತಿದ್ದುಪಡಿಯೇ ಆಯಿತು. ಹಾಗಿದ್ದೂ ಮಲೆನಾಡಿನಲ್ಲಿ ಮೂರು ತಲೆಮಾರಿನ, ಎಂದರೆ 75 ವರ್ಷದ, ದಾಖಲೆ ಇಲ್ಲವೆಂದು ಅರ್ಜಿಗಳು ಬಿದ್ದುಹೋಗಿವೆ. ಕಾನೂನು ಕಲ್ಯಾಣದ ದಾರಿಯಲ್ಲಿದೆ, ಕಚೇರಿ ಇನ್ನೂ ಇನಾಂ ಕಮಿಷನ್ನಿನ ದಾರಿಯಲ್ಲಿದೆ.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ನರಗುಂದ ತಾಲ್ಲೂಕಿನ ಹಳ್ಳಿಗಳಿಗೆ ನುಗ್ಗಿತು. ಅಂಥ ನೆರೆ ಮತ್ತೆ ಬರುತ್ತದೆ. ಆಗ ಕಾಗದ ಕಳೆದವರನ್ನು ತಾಲ್ಲೂಕು ಕಚೇರಿಯ ಸಾಲಿನಲ್ಲಿ ನಿಲ್ಲಿಸುವ ಬದಲು ತಹಶೀಲ್ದಾರರೇ ಊರಿಗೆ ಹೋಗಿ, ಎಲ್ಲ ಕೇರಿಗಳ ಜನರ ಎದುರು ಪಂಚನಾಮೆ ನಡೆಸಲಿ. ಕೊಡುವ ಹೊಸ ಪತ್ರದ ಮೇಲೆ, ಹಳೆಯದು ಇಂಥ ದಿನ ನೀರಿನಲ್ಲಿ ಹೋಯಿತು, ಇಂಥವರ ಹೇಳಿಕೆ ಕೇಳಿ ಇದನ್ನು ಬರೆಯಲಾಗಿದೆ ಎಂಬ ಸಾಲನ್ನೂ ಸೇರಿಸಲಿ. ಅದಕ್ಕೆ ಹೊಸ ಕಾಯ್ದೆ ಬೇಕಾಗಿಲ್ಲ, ಒಂದು ಸುತ್ತೋಲೆ ಸಾಕು.